ಬೆಂಕಿಯ ಪಕ್ಕ ಕೂತವರಿಗೆ

ಧಾರವಾಡದಲ್ಲಿ ನನ್ನ ಕುಂಬಾರಿಕೆಯ ಪ್ರದರ್ಶನ ಭಾನುವಾರ ಮುಗಿಯಿತು. ಉಳಿದ ಮಡಕೆಗಳನ್ನು ಹುಲ್ಲಿನಲ್ಲಿ ಸುತ್ತಿ ಮನೆಗೆ ತಂದದ್ದೂ ಆಯಿತು. ಬಂದವರಿಗೆ, ಬರಲಾಗದೆ ಫೋನ್ ಮಾಡಿದವರಿಗೆ, ಸುಮ್ಮನೆ ಒಂದು ಗಡಿಗೆಯ ಮುಂದೆ ತುಂಬ ಹೊತ್ತು ನಿಂತು ಏನೂ ಹೇಳದೆ ಹೋದವರಿಗೆ ಥ್ಯಾಂಕ್ಸ್ ಹೇಳಬೇಕು. ಒಬ್ಬೊಬ್ಬರಿಗೇ ಮೆಸೇಜ್ ಮಾಡಲು ಹೋದರೆ ಯಾರಾದರೂ ಬಿಟ್ಟುಹೋಗುತ್ತಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಬಲಗೈ ಕೆಟ್ಟದ್ದು, ಆಪರೇಷನ್ ಆದದ್ದು ನಿಮಗೆಲ್ಲ ಗೊತ್ತು, ಮತ್ತೆ ಹೇಳುವುದಿಲ್ಲ. ಈಗ ಕೈ ಬರೆಯುತ್ತದೆ, ರೊಟ್ಟಿ ಬಡಿಯುತ್ತದೆ, ಮಣ್ಣು ಕಲಸುತ್ತದೆ. ತಿರುಗುವ ತಿಗರಿಯ ಮೇಲೆ ದೊಡ್ಡ ಮುದ್ದೆಯನ್ನು ಒತ್ತಿ ಅಲ್ಲಾಡದಂತೆ ನಡುವಿಗೆ ನಿಲ್ಲಿಸುವ ಬಲ ಮಾತ್ರ ಇನ್ನೂ ಬಂದಿಲ್ಲ. ಕುಂಬಾರಿಕೆಯಲ್ಲಿ ಎಲ್ಲ ಶುರುವಾಗುವುದೇ ಅಲ್ಲಿಂದ. ಮಣ್ಣು ನಡುವಿಗೆ ನಿಲ್ಲದಿದ್ದರೆ ಗೋಡೆ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಎತ್ತರ ಏರುತ್ತಿದ್ದ ಹಾಗೆ ಓಲಾಡಿ ಕುಸಿಯುತ್ತದೆ.

ಆ ದಿನಗಳಲ್ಲಿ ಬಹಳ ಜನ ಸಮಾಧಾನ ಹೇಳಿದರು. ‘ಕಲೆಗೆ ಕೈಚಳಕ ಯಾಕೆ? ಮನಸ್ಸು ಮುಖ್ಯ ಅಲ್ವಾ? ಸೊಟ್ಟಗಿದ್ದರೂ ಅದಕ್ಕೊಂದು ಚಂದ ಇರುತ್ತೆ’ ಅಂದರು. ಪ್ರೀತಿಯಿಂದಲೇ ಅಂದರು, ಆ ಪ್ರೀತಿ ನನಗೆ ಬೇಕಿತ್ತು ಕೂಡ. ಆದರೆ ಆ ಮಾತು ನನ್ನನ್ನು ಒಳಗೊಳಗೇ ಕೊರೆಯಿತು. ನೆಟ್ಟಗೆ ಮಾಡಬಲ್ಲವರು ಬೇಕೆಂದೇ ಬಾಗಿಸಿದರೆ ಆ ಬಾಗು ಏನನ್ನೋ ಹೇಳುತ್ತದೆ. ನನ್ನ ಮಡಕೆ ಬಾಗುತ್ತಿದ್ದದ್ದು ಬೇರೆ ಥರ ಮಾಡಲು ಕೈ ಕೇಳುತ್ತಿರಲಿಲ್ಲ ಅಂತ. ಅದರಲ್ಲಿ ನನ್ನ ಮಾತು ಒಂದೂ ಇರಲಿಲ್ಲ. ಕಸುಬು ಕೈಯಿಂದ ಜಾರಿದ ಮೇಲೆ ಕಲೆ ತಾನೇ ಉಳಿದಿರುತ್ತದೆ ಅಂತ ನಾನು ನಂಬಲಾರೆ. ಜಾರಿದ ಕೈ ನನ್ನದೇ ಆಗಿತ್ತು, ಅದಕ್ಕೇ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ.

ಮನೆಯವರಿಗೆ, ಮಗಳಿಗೆ, ದಿನಾ ಬೆಳಗ್ಗೆ ಬೆರಳಿನ ವ್ಯಾಯಾಮ ಮಾಡಿಸಿದ ಫಿಸಿಯೋಥೆರಪಿ ಅಕ್ಕನಿಗೆ, ಬಾಡಿಗೆ ಕೇಳದೆ ಜಾಗ ಕೊಟ್ಟ ಗೆಳತಿಗೆ, ಹಳ್ಳ ದಿಣ್ಣೆ ನೋಡಿಕೊಂಡು ಒಂದು ಗಡಿಗೆಗೂ ಪೆಟ್ಟಾಗದಂತೆ ಗಾಡಿ ಓಡಿಸಿದ ತಮ್ಮನಿಗೆ, ನಿಮಗೆಲ್ಲ ನನ್ನ ನಮಸ್ಕಾರ.

ಇನ್ನು ಅಜ್ಜನ ವಿಷಯ. ‘ನನ್ನ ಹೆಸರ ಬರೀಬ್ಯಾಡ’ ಅಂದಿದ್ದಾರೆ. ಹಾಗಾಗಿ ಅಜ್ಜ ಅಂತಲೇ ಬರೆಯುತ್ತೇನೆ. ಖಾನಾಪುರದ ಕಡೆಯ ಕುಂಬಾರರು. ಆ ಸೀಮೆಯ ಮಣ್ಣು ಕುಂಬಾರಿಕೆಗೆ ಹೆಸರಾದದ್ದು, ನಾನೂ ಮೊದಲಿಂದ ಅಲ್ಲಿಯ ಮಣ್ಣನ್ನೇ ತರುತ್ತಿದ್ದೆ. ಹಣತೆ, ಗಡಿಗೆ, ಹರವಿ, ದನಕ್ಕೆ ನೀರಿಡುವ ಬಾನಿ, ಇವನ್ನು ಮಾಡುತ್ತಲೇ ಅವರ ಆಯುಷ್ಯ ಕಳೆದಿದೆ. ಅವರನ್ನು ಯಾರೂ ಕಲಾವಿದ ಅಂತ ಕರೆದಿಲ್ಲ. ಮಣ್ಣು ತರಲು ಹೋದಾಗ ನನ್ನ ಕೈ ನೋಡಿದರು. ಮರುಕ ತೋರಿಸಲಿಲ್ಲ. ‘ತಿಗರಿ ಮ್ಯಾಲ ಸಣ್ಣದು ಮಾಡಾಕ ಬರತೈತಿಲ್ಲೋ? ಅಷ್ಟ ಸಾಕು. ಉಳದದ್ದು ಬಡದು ಮಾಡೂಣು’ ಅಂದರು.

ನಮ್ಮ ಹಳ್ಳಿಗಳ ದೊಡ್ಡ ಗಡಿಗೆ ಪೂರ್ತಿ ತಿಗರಿಯ ಮೇಲೆ ಹುಟ್ಟುವುದಿಲ್ಲ. ಮೊದಲು ದಪ್ಪ ಗೋಡೆಯ ಸಣ್ಣ ಗಡಿಗೆ ಎತ್ತುತ್ತಾರೆ. ಕೊಯ್ದು ತೆಗೆದಾಗ ಅದಕ್ಕೆ ತಳವೂ ಇರುವುದಿಲ್ಲ. ಸ್ವಲ್ಪ ಆರಿದ ಮೇಲೆ ಒಳಗೆ ಒಂದು ಕಲ್ಲಿನ ಗುಂಡು ಆನಿಸಿ, ಹೊರಗಿನಿಂದ ಮರದ ಹಲಗೆಯಲ್ಲಿ ಬಡಿಯುತ್ತಾ ಹೋಗುತ್ತಾರೆ. ಗೋಡೆ ತೆಳ್ಳಗಾಗುತ್ತಾ ಹೊಟ್ಟೆ ಉಬ್ಬುತ್ತದೆ, ತಳ ಕೂಡಿಕೊಳ್ಳುತ್ತದೆ. ಇದಕ್ಕೆ ಮಣಿಕಟ್ಟಿನ ಬಲಕ್ಕಿಂತ ಕಿವಿ ಜಾಸ್ತಿ ಬೇಕು. ಮಣ್ಣು ದಪ್ಪ ಇರುವ ಕಡೆ ಸಪ್ಪಳ ಮಂದ, ತೆಳು ಇರುವ ಕಡೆ ಬಿಗಿ. ಅಜ್ಜ ಎಷ್ಟೋ ಸಲ ಗಡಿಗೆಯ ಕಡೆ ನೋಡದೆಯೇ ‘ಅಲ್ಲೆ ಸಾಕು, ಮುಂದ ಹೋಗು’ ಅನ್ನುತ್ತಿದ್ದರು.

ನನ್ನ ಬಲಗೈ ಹಲಗೆ ಬೀಸಲಾರದು. ಅದಕ್ಕೆ ಗುಂಡು ಒಳಗೆ ಬಲಗೈಯಲ್ಲಿ, ಹಲಗೆ ಎಡಗೈಯಲ್ಲಿ ಹಿಡಿಯಬೇಕಾಯಿತು. ಎಲ್ಲ ಉಲ್ಟಾ. ಅಜ್ಜನಿಗೂ ಅದನ್ನು ಹೇಳಿಕೊಡಲು ಬರುತ್ತಿರಲಿಲ್ಲ. ಒಂದು ದಿನ ಹೋದಾಗ ಅವರು ಕೈ ಅದಲುಬದಲು ಮಾಡಿಕೊಂಡು ಕೂತಿದ್ದರು. ಇಡೀ ಬದುಕು ಬಲಗೈಯಲ್ಲಿ ಬಡಿದವರು ಎಡಗೈಯಲ್ಲಿ ಹಲಗೆ ಹಿಡಿದು, ಹೊಸದಾಗಿ ಕಲಿಯುವವರಂತೆ ತಡವರಿಸುತ್ತಿದ್ದರು. ಹೆಂಡತಿ ಬೈಯುತ್ತಿದ್ದರು, ಸಂತೆಗೆ ಒಯ್ಯಬೇಕಾದ ಗಡಿಗೆ ಹಾಗೇ ಉಳಿದಿದೆ ಅಂತ. ‘ಎಲ್ಲಿ ನೋವಾಗತೈತಿ ಗೊತ್ತಾಗದ ಹ್ಯಾಂಗ ಹೇಳಿಕೊಡಲಿ ಯವ್ವಾ’ ಅಂದರು. ನನಗಾಗಿ ಯಾರಾದರೂ ಮಾಡಿದ ಕೆಲಸಗಳಲ್ಲಿ ಇಷ್ಟು ದೊಡ್ಡದು ಇನ್ನೊಂದಿಲ್ಲ.

ಕುಂಬಾರ ಗುಂಡಯ್ಯನ ಕಥೆ ನಿಮಗೂ ಗೊತ್ತಿರುತ್ತದೆ. ಹರಿಹರನ ರಗಳೆಯಲ್ಲಿ ಗುಂಡಯ್ಯ ಮಡಕೆ ಬಡಿಯುವ ತಾಳಕ್ಕೆ ಶಿವನೇ ಬಂದು ಕುಣಿಯುತ್ತಾನೆ. ನಾನು ಅದನ್ನು ಭಕ್ತಿಯ ಕಥೆ ಅಂತ ಓದಿದ್ದೆ. ಅಜ್ಜನ ಪಕ್ಕ ಕೂತು ಬಡಿಯುವಾಗ ಇನ್ನೊಂದು ಕಾಣಿಸಿತು. ಆ ತಾಳ ಹಾಡಿಗೆ ಅಂತ ಬೇರೆಯಾಗಿ ಹಾಕಿದ್ದಲ್ಲ. ಗೋಡೆ ಒಂದೇ ಸಮ ಆಗಬೇಕಾದರೆ ಪೆಟ್ಟು ಒಂದೇ ಸಮ ಬೀಳಬೇಕು. ಪೆಟ್ಟು ತಪ್ಪಿದರೆ ಗಡಿಗೆ ಸೋರುತ್ತದೆ. ನೀರು ನಿಲ್ಲುವಂತೆ ಮಾಡುವ ಪೆಟ್ಟು ಯಾವುದೋ, ಶಿವ ಕುಣಿಯುವ ಪೆಟ್ಟೂ ಅದೇ. ಕಸುಬು ಎಲ್ಲಿ ಮುಗಿದು ಕಲೆ ಎಲ್ಲಿ ಶುರುವಾಯಿತು ಅಂತ ಆ ಕಥೆಯಲ್ಲಿ ಗೆರೆ ಎಳೆಯಲು ನನಗೆ ಬರುವುದಿಲ್ಲ.

ಪ್ರದರ್ಶನದಲ್ಲಿ ತುಂಬ ಜನ ಕೇಳಿದ್ದು ಬಣ್ಣದ ಬಗ್ಗೆ. ಒಳಗೆ ಮತ್ತು ಬಾಯಿಯ ಸುತ್ತ ಕಪ್ಪು, ಕೆಳಗೆ ಕೆಂಪು. ಇದು ನಾನು ಕಂಡುಹಿಡಿದದ್ದಲ್ಲ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದಾಗ ಬೃಹತ್ ಶಿಲಾ ಸಮಾಧಿಗಳಲ್ಲಿ ಇಂಥ ಕಪ್ಪು-ಕೆಂಪು ಪಾತ್ರೆಗಳು ಸಿಕ್ಕವು. ಎರಡು ಸಾವಿರ ವರ್ಷಕ್ಕೂ ಹಳೆಯವು. ಮಸ್ಕಿ, ಹಳ್ಳೂರುಗಳಲ್ಲೂ ಸಿಕ್ಕಿವೆ. ಮಡಕೆಯ ಬಾಯಿ ಕೆಳಗೆ ಮಾಡಿ, ಹೊಟ್ಟು ಅಥವಾ ಹುಲ್ಲಿನಂಥದ್ದರಲ್ಲಿ ಹೂತು ಸುಟ್ಟಿರಬೇಕು ಅಂತ ತಿಳಿದವರು ಹೇಳುತ್ತಾರೆ. ಹೂತ ಭಾಗಕ್ಕೆ ಗಾಳಿ ಸಿಗುವುದಿಲ್ಲ, ಹೊಗೆ ಮಣ್ಣಿನೊಳಗೆ ಇಳಿದು ಕಪ್ಪಾಗುತ್ತದೆ. ಗಾಳಿ ತಾಗಿದ ಭಾಗದಲ್ಲಿ ಮಣ್ಣಿನ ಕಬ್ಬಿಣ ಕೆಂಪಾಗುತ್ತದೆ. ಮ್ಯೂಸಿಯಂನ ಗಾಜಿನ ಹಿಂದೆ ಆ ಚೂರುಗಳನ್ನು ನೋಡಿದಾಗಿನಿಂದ ಹಾಗೆ ಮಾಡಬೇಕು ಅಂತ ಆಸೆ ಇತ್ತು. ಕಪ್ಪು ಗಡಿಗೆ ಸುಡುವುದು ಅಜ್ಜನಿಗೆ ನೀರು ಕುಡಿದಷ್ಟು ಸಲೀಸು. ಅರ್ಧ ಕಪ್ಪು, ಅರ್ಧ ಕೆಂಪು ಬೇಕು ಅಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನೋಡೂಣು’ ಅಂದರು.

ಆ ರಾತ್ರಿಯ ಬಗ್ಗೆ ಈಗ ಬರೆಯಲೇಬೇಕು.

ಪ್ರದರ್ಶನಕ್ಕೆ ಇಟ್ಟ ಗಡಿಗೆಗಳೆಲ್ಲ ಒಂದೇ ಆವಿಗೆಯಲ್ಲಿ, ಅಂದರೆ ಮಡಕೆ ಸುಡುವ ಒಂದೇ ಗೂಡಿನಲ್ಲಿದ್ದವು. ಒಡೆದ ಹರವಿಗಳ ತಳದಲ್ಲಿ ಹೊಟ್ಟು ತುಂಬಿ, ಒಂದೊಂದನ್ನೂ ಬಾಯಿ ಕೆಳಗೆ ಮಾಡಿ ಕೂರಿಸಿದ್ದೆವು. ಸಂಜೆ ಸಣ್ಣ ಉರಿ ಹಚ್ಚಿದೆವು. ಅಜ್ಜ ಮೇಲಿನ ಕಿಂಡಿಗೆ ತಣ್ಣನೆಯ ಸ್ಟೀಲ್ ತಾಟು ಹಿಡಿದು ಹಿಡಿದು ನೋಡುತ್ತಿದ್ದರು. ತಾಟಿನ ಮೇಲೆ ನೀರು ಕೂತರೆ ಮಣ್ಣಲ್ಲಿ ಇನ್ನೂ ತೇವ ಇದೆ ಅಂತ ಅರ್ಥ. ಆಗ ಉರಿ ಏರಿಸಿದರೆ ಒಳಗಿನ ನೀರು ಉಗಿಯಾಗಿ ಗಡಿಗೆಯೇ ಸಿಡಿಯುತ್ತದೆ. ತಾಟು ಒಣಗಿದ ಮೇಲೆಯೇ ಕಟ್ಟಿಗೆ ಜಾಸ್ತಿ ಹಾಕಿದ್ದು. ಅಷ್ಟರಲ್ಲಿ ಮಳೆ ಬಂತು. ಅದು ಮಳೆಯ ಕಾಲವೇ ಅಲ್ಲ. ತಗಡಿನ ಚಾವಣಿಯ ಅಂಚಿನಿಂದ ನೀರು ಒಳಗೆ ಹೊಡೆಯಿತು. ಆವಿಗೆಯ ಶಾಖ ಅಳೆಯುವ ಮೀಟರಿಗೆ ನೀರು ಹೋಗಿ 540 ಡಿಗ್ರಿ ತೋರಿಸುತ್ತಿದ್ದದ್ದು ಆರಿಹೋಯಿತು. 573 ಡಿಗ್ರಿಯ ಹತ್ತಿರ ಮಣ್ಣಿನಲ್ಲಿರುವ ಬೆಣಚುಕಲ್ಲಿನ ಕಣ ತಟ್ಟನೆ ಹಿಗ್ಗುತ್ತದೆ. ಅಲ್ಲಿ ಅವಸರ ಆದರೆ ತೆಳು ಗೋಡೆ ಬಿರುಕು ಬಿಡುತ್ತದೆ. ಸರಿಯಾಗಿ ಅದೇ ಜಾಗದಲ್ಲಿ ನನ್ನ ಕಣ್ಣು ಕಟ್ಟಿದಂತಾಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಆ ನಿಮಿಷ ಬಂದೇಬಿಟ್ಟಿತು ಅನ್ನಿಸಿತು.

ಅಜ್ಜ ಮೀಟರಿನ ಕಡೆ ತಿರುಗಿಯೂ ನೋಡಲಿಲ್ಲ. ಟಾರ್ಚ್ ಆರಿಸು ಅಂದರು. ಕತ್ತಲಲ್ಲಿ ಕಿಂಡಿಯೊಳಗೆ ನೋಡಿದರು. ಮಂದ ಕೆಂಪು ಕಾಣುವವರೆಗೆ ಒಂದೊಂದೇ ಕಟ್ಟಿಗೆ. ಅದು ಸುಮಾರು 600. ಆಮೇಲೆ ಕೆಂಪು ತಿಳಿಯಾಗುತ್ತಾ ಕಿತ್ತಳೆಗೆ ತಿರುಗುವವರೆಗೆ ಜೋರು ಉರಿ. ಅದು 900ರ ಆಚೆ. ಜಾಸ್ತಿ ಮೇಲೆ ಹೋದರೆ ಕಲ್ಲಿನಿಂದ ತಿಕ್ಕಿ ತಂದ ಹೊಳಪು ಮಂಕಾಗುತ್ತದೆ. ಈ ಅಂಕಿಗಳು ನನ್ನವು. ಅಜ್ಜನಿಗೆ ಗೊತ್ತಿದ್ದದ್ದು ಬಣ್ಣ. ಎಪ್ಪತ್ತು ದಾಟಿದವರು ಒದ್ದೆ ಪಂಚೆಯಲ್ಲೇ ಕೂತು ಆ ಬಣ್ಣವನ್ನು ಬೆಳಗಿನ ಜಾವದವರೆಗೆ ಕಾದರು. ಒಳಗೆ ಹೋಗಿ ಮಲಗಿ ಅಂದರೆ ಕೇಳಲಿಲ್ಲ.

ಕೊನೆಗೆ ಗಾಳಿ ಕಿಂಡಿ ಮುಚ್ಚುವ ಹೊತ್ತು. ಹಸಿ ಮಣ್ಣು ಕೈಯಲ್ಲಿ ಹಿಡಿದು ನನ್ನ ಕಡೆ ತಿರುಗಿದರು. ‘ಎಲ್ಲಾ ಮುಚ್ಚಿದ್ರ ಎಲ್ಲಾ ಕರೀ ಆಗತಾವು. ಕೆಳಗಿಂದಷ್ಟ ಮುಚ್ಚಿದ್ರ ಹೊಗಿ ಮ್ಯಾಲ ಹರಡತೈತಿ, ಗೆರಿ ಮಸುಕ ಆಗತೈತಿ. ಹಂಗ ಬಿಟ್ರ ಗೆರಿ ಸ್ವಚ್ಛ ಬರತೈತಿ. ನಿನಗ ಯಾವುದು ಬೇಕು?’

ನನಗೆ ಬಾಯಿ ಬರಲಿಲ್ಲ. ಅತ್ತುಬಿಟ್ಟೆ. ಕೈ ಕೆಟ್ಟಾಗಿನಿಂದ ನನಗೆ ಏನು ಆಗುತ್ತೆ, ಏನು ಆಗಲ್ಲ ಅಂತ ಎಲ್ಲರೂ ಕೇಳುತ್ತಿದ್ದರು. ಏನು ಬೇಕು ಅಂತ ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಆಪರೇಷನ್ ಆದ ದಿನ ಅಳಲಿಲ್ಲ, ಆ ಮಳೆಯಲ್ಲಿ ಅತ್ತೆ. ಅಜ್ಜ ಅವಸರ ಮಾಡಲಿಲ್ಲ. ಕೈಯಲ್ಲಿದ್ದ ಮಣ್ಣು ಒಣಗದ ಹಾಗೆ ನಾದುತ್ತಾ ಕಾದರು.

ಗೆರೆ ಮಸುಕಾಗಲಿ ಅಂದೆ. ನನ್ನ ನೋವು ಎಲ್ಲಿ ಮುಗಿಯಿತು, ವಾಸಿಯಾಗುವುದು ಎಲ್ಲಿ ಶುರುವಾಯಿತು ಅಂತ ನನಗೇ ತಿಳಿದಿರಲಿಲ್ಲ. ಕಪ್ಪೂ ಕೆಂಪೂ ಹಾಗೇ ಬೆರೆಯಲಿ ಅನ್ನಿಸಿತು. ಇಷ್ಟನ್ನೆಲ್ಲ ಅಜ್ಜನಿಗೆ ಹೇಳಲಿಲ್ಲ. ‘ಆತು’ ಅಂದು ಕೆಳಗಿನ ಕಿಂಡಿಗಳನ್ನು ಮುಚ್ಚಿದರು. ಮೂರು ಥರದಲ್ಲಿ ಯಾವುದನ್ನು ಕೇಳಿದ್ದರೂ ಅವರು ಮಾಡಿಕೊಡುತ್ತಿದ್ದರು. ಅವರ ಕೈಯಲ್ಲಿ ಮೂರೂ ಇದ್ದವು. ಒಂದೇ ಇದ್ದಿದ್ದರೆ ಆ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ, ನಾನು ಹೇಳಬೇಕಾದ್ದು ನನ್ನೊಳಗೇ ಉಳಿಯುತ್ತಿತ್ತು.

ಆವಿಗೆ ಪೂರ್ತಿ ತಣ್ಣಗಾದ ಮೇಲೆ ತೆಗೆದೆವು. ಕೆಲವು ಬಿರುಕು ಬಿಟ್ಟಿದ್ದವು. ಉಳಿದವನ್ನು ನೀವು ನೋಡಿದ್ದೀರಿ. ಮೈತುಂಬ ಹಲಗೆಯ ಪೆಟ್ಟಿನ ಗುರುತು ಇದ್ದ ಆ ದೊಡ್ಡ ಗಡಿಗೆಯನ್ನು ಯಾಕೆ ನುಣುಪು ಮಾಡಲಿಲ್ಲ ಅಂತ ಒಬ್ಬರು ಕೇಳಿದರು. ಅದು ನನ್ನ ಎಡಗೈ ಕಲಿತ ಮೇಲೆ ಮಾಡಿದ್ದು. ನುಣುಪು ಮಾಡಲು ಬರುತ್ತಿತ್ತು. ಬೇಡ ಅಂತ ಬಿಟ್ಟೆ.

ಅಜ್ಜ ಪ್ರದರ್ಶನಕ್ಕೆ ಬಂದಿದ್ದರು, ಮೊದಲ ದಿನ ಮಧ್ಯಾಹ್ನ, ಜನ ಕಡಿಮೆ ಇದ್ದಾಗ. ಒಂದೊಂದನ್ನೂ ಬೆರಳಿನಿಂದ ತಟ್ಟಿ ಕೇಳಿ ನೋಡಿದರು. ಬೆಲೆಯ ಚೀಟಿ ಓದಿಸಿಕೊಂಡು ‘ಇಷ್ಟಾ?’ ಅಂದರು. ಆ ಪ್ರಶ್ನೆ ನನ್ನಲ್ಲಿ ಇನ್ನೂ ಇದೆ. ಅವರ ಕೈಯ ನೀರಿನ ಗಡಿಗೆಯನ್ನು ನಾವು ಸಂತೆಯಲ್ಲಿ ಚೌಕಾಸಿ ಮಾಡಿ ಕೊಳ್ಳುತ್ತೇವೆ. ಅದೇ ಕೈಯಿಂದ ಕಲಿತ ನನ್ನ ಗಡಿಗೆಗೆ ದೀಪ ಹಾಕಿ, ಕೆಳಗೆ ಹೆಸರು ಬರೆದು ಇಡುತ್ತೇವೆ. ಇದು ಸರಿಯಲ್ಲ. ಮಾರಾಟದ ಹಣದಲ್ಲಿ ಅರ್ಧ ಅವರದು ಅಂದೆ, ಬೇಡ ಅಂದರು. ಅವರ ಆವಿಗೆಯ ಮೇಲೆ ಹೊಸ ತಗಡು ಹಾಕಿಸಲು ಮಾತ್ರ ಒಪ್ಪಿದ್ದಾರೆ. ಮುಂದಿನ ತಿಂಗಳು ಆ ಕೆಲಸ. ಕೈ ಜೋಡಿಸುವವರು ಇದ್ದರೆ ಬನ್ನಿ.

ದೀಪಾವಳಿಗೆ ಅವರು ಹಣತೆ ಮಾಡುತ್ತಾರೆ, ಬೇಸಿಗೆಗೆ ನೀರಿನ ಗಡಿಗೆ. ಬೇಕಾದವರು ನನಗೆ ತಿಳಿಸಿ, ಖಾನಾಪುರದಿಂದ ಬರುವಾಗ ತಂದುಕೊಡುತ್ತೇನೆ. ಬೆಲೆ ಅವರು ಹೇಳಿದ್ದೇ, ಒಂದು ರೂಪಾಯಿಯೂ ಕಡಿಮೆ ಕೇಳಬೇಡಿ.