ಮಗಳಿಗೊಂದು ಪತ್ರ: ಪಾರ್ಕಲ್ಲಿ ದನ ಯಾಕೆ ಅಂದ್ಯಲ್ಲ

ಪುಟ್ಟಿ,

ಮೊನ್ನೆ ಫೋನಲ್ಲಿ "ಅಪ್ಪಾ, ಪಾರ್ಕ್ ಅಂದ್ಮೇಲೆ ಅಲ್ಲಿ ದನ ಯಾಕೆ ಬಿಡ್ಬೇಕು, ಬೆಟ್ಟನ ಅದ್ರ ಪಾಡಿಗೆ ಬಿಡ್ಬಾರ್ದಾ" ಅಂತ ಜೋರು ಮಾಡಿದ್ಯಲ್ಲ, ನಾನು ಬಾಯಿ ತೆಗೆಯೋದ್ರೊಳಗೆ ನೀನು ಮುಂದಿನ ಪಾಯಿಂಟಿಗೆ ಹೋಗಿರ್ತೀಯ, ಅದಕ್ಕೇ ಬರೀತಿದೀನಿ.

ನೀನು ಹೋದ್ಮೇಲೂ ನಾನೂ ಅಮ್ಮನೂ ಜಿಯೋಕ್ಯಾಶಿಂಗ್ ಬಿಟ್ಟಿಲ್ಲ, ಅದೇ, ಯಾರೋ ಬಚ್ಚಿಟ್ಟ ಡಬ್ಬೀನ ಫೋನಿನ ಜಿಪಿಎಸ್ ಹಿಡ್ಕೊಂಡು ಹುಡುಕೋ ಆಟ. ನಿನ್ನ ಹಳೇ ಅಕೌಂಟಲ್ಲೇ ಲಾಗ್ ಮಾಡ್ತಿದೀವಿ, ಬೈಬೇಡ. ಈ ಸಲ ಹೋಗಿದ್ದು ಇಲ್ಲೇ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆ ಪಕ್ಕದ ಬೆಟ್ಟದಲ್ಲಿರೋ ಜೋಸೆಫ್ ಗ್ರಾಂಟ್ ಪಾರ್ಕಿಗೆ. ಮೌಂಟ್ ಹ್ಯಾಮಿಲ್ಟನ್ ರೋಡಲ್ಲಿ ಅಮ್ಮಂಗೆ ಮಾಮೂಲಿ ತಲೆಸುತ್ತು. ಯಾರಪ್ಪ ಇಷ್ಟು ತಿರುವು ಇಟ್ಟೋರು ಅಂತ ಶಾಪ ಹಾಕ್ತಿದ್ಲು, ಮೇಲಿನ ಅಬ್ಸರ್ವೇಟರಿ ಕಟ್ಟೋಕೆ ಕುದುರೆ ಗಾಡೀಲಿ ಸಾಮಾನು ಸಾಗಿಸ್ಬೇಕಿತ್ತು, ಕುದುರೆಗೆ ಏರು ಹತ್ತೋದು ಕಷ್ಟ ಆಗ್ಬಾರ್ದು ಅಂತ 1870ರ ದಶಕದಲ್ಲಿ ಹಿಂಗೆ ಸುತ್ತಿಸಿ ಸುತ್ತಿಸಿ ಮಾಡಿದಾರೆ ಅಂದೆ. ಕುದುರೆ ಮೇಲೆ ಇರೋ ಕನಿಕರ ನನ್ ಮೇಲಿಲ್ವಾ ಅಂದ್ಲು.

ಗ್ರಾಂಟ್ ಲೇಕ್ ಹತ್ರ ಕಾರ್ ನಿಲ್ಸಿ ಹೋಟೆಲ್ ಟ್ರೇಲ್ ಅನ್ನೋ ಕಾಲುದಾರಿ ಹಿಡಿದ್ವಿ. ಹೆಸ್ರು ನೋಡಿ ಕಾಫಿ ಸಿಗುತ್ತೆ ಅನ್ಕೋಬೇಡ, ಸಿಗೋದು ಸಗಣಿ ಮಾತ್ರ. ಈ ಜಾಗ 1839ರಲ್ಲಿ ಮೆಕ್ಸಿಕೋ ಸರ್ಕಾರ ಕೊಟ್ಟ ರಾಂಚೋ, ಅಂದ್ರೆ ದನ ಸಾಕೋ ಜಮೀನು, ಆಮೇಲೆ ಗ್ರಾಂಟ್ ಮನೆತನದ ರಾಂಚ್, 1975ರಲ್ಲಿ ಕೌಂಟಿ, ನಮ್ಮ ಕಡೆ ಜಿಲ್ಲಾಡಳಿತ ಇದ್ದಂಗೆ, ಕೊಂಡ್ಕೊಳ್ತು. ಅಂದ್ರೆ ಇಲ್ಲಿ ಬಹಳ ಹಿಂದಿನಿಂದಲೂ ದನ ಮೇಯ್ತಾನೇ ಇದೆ. ಗೇಟ್‌ಗಳು ಈಗ್ಲೂ ಇವೆ, ಮುಚ್ಚಿದ್ದಿದ್ರೆ ದಾಟಿದ್ಮೇಲೆ ಮುಚ್ಲೇಬೇಕು.

ನಿಂಗೊತ್ತಲ್ಲ, ಫೋನು ನಮ್ಮನ್ನ ಡಬ್ಬಿಯ ನಾಕೈದು ಮೀಟರ್ ಹತ್ರಕ್ಕೆ ತಂದು ಕೈ ಬಿಡುತ್ತೆ. 2000ದ ಮೇ ತಿಂಗಳಿಗೆ ಮುಂಚೆ ಅಮೆರಿಕ ಸರ್ಕಾರ ಬೇಕಂತಲೇ ಜಿಪಿಎಸ್ ಸಿಗ್ನಲ್ ಕೆಡಿಸಿಟ್ಟಿತ್ತು, ನೂರು ಮೀಟರ್‌ವರೆಗೂ ಆಚೀಚೆ ಆಗೋದು, ಅದನ್ನ ನಿಲ್ಸಿದ ಮಾರನೇ ದಿನವೇ ಆರೆಗಾನಲ್ಲಿ ಮೊದಲ ಡಬ್ಬಿ ಬಚ್ಚಿಟ್ಟಿದ್ದು. ಸರಿ, ಆ ಕೊನೇ ನಾಕೈದು ಮೀಟರ್ ಇದ್ಯಲ್ಲ, ಅಲ್ಲಿ ಬಗ್ಗಿ ನೆಲ ನೋಡ್ಲೇಬೇಕು. ಬರೀ ನಡ್ಕೊಂಡು ಹೋಗೋರಿಗೆ ಕಾಣದ್ದು ಆಗ ಕಾಣುತ್ತೆ. ನನ್ನ ವಾದ ಎಲ್ಲ ಹುಟ್ಟಿದ್ದು ಅಲ್ಲೇ.

ಈ ಡಬ್ಬಿ ಇದ್ದಿದ್ದು ಒಂದು ಕಟ್ಟೆ ಪಕ್ಕದ ಓಕ್ ಮರದ ಬುಡದಲ್ಲಿ. ನಮ್ಮೂರಲ್ಲಿ ತಾತ ದನಕ್ಕೆ ನೀರು ಕುಡಿಸ್ತಿದ್ದ ಗೋಕಟ್ಟೆ ಇತ್ತಲ್ಲ, ಥೇಟ್ ಅದೇ ಥರ, ಹಳ್ಳಕ್ಕೆ ಅಡ್ಡ ಮಣ್ಣಿನ ಏರಿ ಹಾಕಿ ನೀರು ನಿಲ್ಸಿರೋದು. ರಾಂಚಿನವರು ದನಕ್ಕೆ ಅಂತ ಮಾಡಿದ್ದು, ಆದ್ರೆ ಈಗ ಇಂಥ ಕಟ್ಟೆಗಳನ್ನ ನಂಬ್ಕೊಂಡಿರೋದು ಹಲ್ಲಿ ಥರ ಕಾಣೋ, ಕಪ್ಪೆ ಜಾತಿಗೆ ಹತ್ರದ ಕ್ಯಾಲಿಫೋರ್ನಿಯಾ ಟೈಗರ್ ಸಲಮಾಂಡರ್, ಕೆಂಪು ಕಾಲಿನ ಕಪ್ಪೆ, ಎರಡೂ ಅಳಿವಿನ ಅಪಾಯದಲ್ಲಿರೋವು. ಅವಕ್ಕೆ ಮೊದ್ಲು ಮಳೆಗಾಲದ ಹೊಂಡಗಳಿದ್ವು, ಅದ್ರಲ್ಲಿ ಬಹುಪಾಲು ಮುಚ್ಚಿ ಹೊಲ ಮಾಡಿದ್ರು, ಮನೆ ಕಟ್ಟಿದ್ರು. ಸಲಮಾಂಡರ್ ವರ್ಷದ ಬಹುಪಾಲು ಅಳಿಲು ತೋಡಿದ ಬಿಲದೊಳಗೆ ಕೂತಿರುತ್ತೆ, ಚಳಿಗಾಲದ ಮಳೆ ರಾತ್ರಿ ಹೊರಗೆ ಬಂದು ಕಟ್ಟೆಗೆ ಹೋಗಿ ಮೊಟ್ಟೆ ಇಡುತ್ತೆ. ಆ ನೆಲದ ಅಳಿಲಿಗೆ ಬೇಕಾಗಿರೋದು ಗಿಡ್ಡ ಹುಲ್ಲು. ಹುಲ್ಲು ಗಿಡ್ಡ ಮಾಡೋರು ಯಾರು ಹೇಳು? ಡಬ್ಬಿ ಹುಡುಕ್ತಾ ಒಂದೊಂದು ಬಿಲದೊಳಗೂ ಕಣ್ಣಿಟ್ಟು ನೋಡ್ದೆ, ಕೈ ಮಾತ್ರ ಹಾಕ್ಲಿಲ್ಲ, ರ‍್ಯಾಟಲ್ ಹಾವಿನ ಜಾಗ ಅದು.

ಇನ್ನೊಂದು, ನೀನು ಬೆಟ್ಟದ ಪಾಡಿಗೆ ಅಂದ್ಯಲ್ಲ, ಆ ಹುಲ್ಲೇ ಅಲ್ಲೀದಲ್ಲ. ಬಹುಪಾಲು ಸ್ಪ್ಯಾನಿಷ್ ಜನ ಬಂದ್ಮೇಲೆ ಮೆಡಿಟರೇನಿಯನ್ ಕಡೆಯಿಂದ ಬಂದು ಸೇರ್ಕೊಂಡಿದ್ದು. ಮೇಯ್ಸದೆ ಬಿಟ್ರೆ ಎತ್ತರ ಬೆಳ್ದು, ಒಣಗಿ, ಮಲ್ಕೊಂಡು, ಕೆಳಗಿನ ಸಣ್ಣ ಹೂಗಿಡಗಳನ್ನ ಮುಚ್ಚಿಬಿಡುತ್ತೆ. ಹೈವೇ 101ರ ಪಕ್ಕದ ಕಯೋಟಿ ರಿಡ್ಜಿನ ಚೆಕರ್‌ಸ್ಪಾಟ್ ಚಿಟ್ಟೆ ಕಥೆ ನಿಮ್ಮ ಕ್ಲಾಸಲ್ಲೇ ಬರ್ಬೇಕು: ಕಾರಿನ ಹೊಗೆಯ ನೈಟ್ರೋಜನ್ ಗೊಬ್ಬರ ಆಗಿ ಹುಲ್ಲು ಹೆಚ್ತು, ದನ ಓಡಿಸಿದ ಜಾಗಗಳಲ್ಲಿ ಮರಿಹುಳ ತಿನ್ನೋ ಗಿಡ ಮುಚ್ಚೋಯ್ತು, ಚಿಟ್ಟೆನೂ ಹೋಯ್ತು, ಮೇಯಿಸ್ತಿದ್ದ ಕಡೆ ಉಳ್ಕೊಳ್ತು. ಮತ್ತೆ ಬೆಂಕಿ. 2020ರ ಆಗಸ್ಟಲ್ಲಿ ಮಿಂಚಿಗೆ ಈ ಬೆಟ್ಟಸಾಲು ಹತ್ತತ್ರ 4 ಲಕ್ಷ ಎಕರೆ ಸುಟ್ಟಿದ್ದು ನಿಂಗೂ ನೆನಪಿದೆ, ಕಿಟಕಿಗೆಲ್ಲ ಒದ್ದೆ ಬಟ್ಟೆ ಇಟ್ಕೊಂಡು ಕೂತಿದ್ವಿ. ದನ ಇದ್ರೆ ಬೆಂಕಿ ಬರಲ್ಲ ಅಂತ ನಾನು ಹೇಳ್ತಿಲ್ಲ, ಆದ್ರೆ ಮೊಣಕಾಲುದ್ದ ಒಣಹುಲ್ಲಿಗೂ ಮೇಯ್ದ ಹುಲ್ಲಿಗೂ ಉರಿಯೋದ್ರಲ್ಲಿ ವ್ಯತ್ಯಾಸ ಇದೆ.

ಹಂಗಂತ ನಿನ್ನ ಮಾತು ಪೂರ್ತಿ ತೆಗೆದುಹಾಕಲ್ಲ. ಹಳ್ಳದ ದಡದಲ್ಲಿ ದನ ತುಳಿದು ಕೆಸರು ಮಾಡಿದ್ದು ನಾನೇ ನೋಡ್ದೆ, ಅಂಥ ಕಡೆ ಬೇಲಿ ಹಾಕ್ಲೇಬೇಕು. ದನಕ್ಕೆ ಮುಂಚೆ ಇಲ್ಲಿ ಟೂಲೆ ಎಲ್ಕ್ ಅನ್ನೋ ದೊಡ್ಡ ಜಿಂಕೆ ಮೇಯ್ತಿತ್ತು, ಇಲ್ಲಿನ ಮೂಲನಿವಾಸಿ ಒಹ್ಲೋನಿ ಜನ ಹುಲ್ಲಿಗೆ ಅಳತೆ ನೋಡ್ಕೊಂಡು ಬೆಂಕಿ ಇಡ್ತಿದ್ರು, ಅದೂ ನಿಜ. ಎಲ್ಕ್ ಸಾಕಾಗೋಷ್ಟು ವಾಪಸ್ ಬಂದು ಆ ಕೆಲಸ ಮಾಡ್ಲಿ, ನಂದೇನೂ ತಕರಾರಿಲ್ಲ. ಅಲ್ಲೀವರೆಗೆ ದನ ಇರ್ಲಿ.

ಡಬ್ಬಿ ಸಿಕ್ಕಿದ್ದು ಅಮ್ಮಂಗೆ, ನಂಗಲ್ಲ. ಜೊತೆಗೆ ಮೊಣಕೈಗೆ ಪಾಯ್ಸನ್ ಓಕ್ ತುರಿಕೇನೂ ಸಿಕ್ತು. ಮೂರೆಲೆ ಗಿಡ ಅಂತ ಎಷ್ಟು ಸಲ ಹೇಳೋದು ಇವ್ಳಿಗೆ.

ಡಬ್ಬೀಲಿ ಒಂದು ಟ್ರಾವೆಲ್ ಬಗ್ ಇತ್ತು, ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಸಾಗಿಸೋ ನಂಬರ್ ಟ್ಯಾಗ್, ಅದ್ರ ಗುರಿ ಅಟ್ಲಾಂಟಿಕ್ ಕಡೆ ಹೋಗ್ಬೇಕು ಅಂತ. ಇದೇ ಲಕೋಟೇಲಿ ಇಟ್ಟಿದೀನಿ ನೋಡು, ಟ್ಯಾಗ್ ಕಳೀಬೇಡ. ನಿಮ್ಮ ಮ್ಯಾಸಚೂಸೆಟ್ಸ್ ಕಾಡಲ್ಲಿ ನಡೀತಾ ಇದ್ರೆ ಸುಮ್ನೆ ಮಧ್ಯದಲ್ಲಿ ಕಲ್ಲಿನ ಗೋಡೆ ಬರುತ್ತಲ್ಲ, ಅದೂ ಒಂದು ಕಾಲದ ಹೊಲ, ಕುರಿ ದನದ ಹುಲ್ಲುಗಾವಲೇ, ಬಿಟ್ಟುಹೋದ್ಮೇಲೆ ಕಾಡಾಗಿದ್ದು. ಅಂಥ ಗೋಡೆ ಪಕ್ಕ ಇರೋ ಡಬ್ಬಿ ಒಂದು ಹುಡುಕಿ ಇದನ್ನ ಹಾಕು, ಲಾಗ್ ಮಾಡಿದ್ಮೇಲೆ ಅಮ್ಮಂಗೆ ಫೋಟೋ ಕಳ್ಸು. ಟಿಕ್ ಹುಳ ಇರುತ್ತೆ, ಪ್ಯಾಂಟ್ ಸಾಕ್ಸ್ ಒಳಗೆ ತೂರ್ಸ್ಕೊ.

ಅಪ್ಪ