ಚೌಕಗಳ ಜಾಗದಲ್ಲಿ ಚೀನಿ, ಜಪಾನಿ, ಕೊರಿಯನ್ ಅಕ್ಷರ ಬರಬೇಕಾದರೆ

ಎಲ್ಲರಿಗೂ ನಮಸ್ಕಾರ. ಹಳೆ ಕಂಪ್ಯೂಟರಿನಲ್ಲಿ ಈ ಮೂರು ಭಾಷೆಗಳ ಬರಹ ಬರೀ ಖಾಲಿ ಚೌಕವಾಗಿ ಕಾಣುತ್ತಿದೆ ಎಂದವರಿಗೆ ಇದು. ಚೌಕ ಕಂಡರೆ ಫೈಲ್ ಕೆಟ್ಟಿದೆ ಅಂತಲ್ಲ, ಫಾಂಟ್ ಇಲ್ಲ ಅಷ್ಟೇ.

ವಿಂಡೋಸ್ ಎಕ್ಸ್‌ಪಿ ಇದ್ದರೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ ‘ರೀಜನಲ್ ಅಂಡ್ ಲ್ಯಾಂಗ್ವೇಜ್ ಆಪ್ಷನ್ಸ್’ ತೆರೆದು ‘ಲ್ಯಾಂಗ್ವೇಜಸ್’ ಟ್ಯಾಬ್‌ಗೆ ಹೋಗಿ. ಕೆಳಗೆ ಎರಡು ಚೆಕ್‌ಬಾಕ್ಸ್ ಇವೆ. ‘ಈಸ್ಟ್ ಏಷ್ಯನ್’ ಎಂದಿರುವ ಎರಡನೆಯದಕ್ಕೆ ಟಿಕ್ ಹಾಕಿ. (ಮೊದಲನೆಯದು ನಮ್ಮ ಕನ್ನಡದಂಥ ಲಿಪಿಗಳಿಗೆ. ಅದಕ್ಕೂ ಹಾಕಿದರೆ ನಷ್ಟವಿಲ್ಲ.) ಟಿಕ್ ಹಾಕಿದೊಡನೆ 230 ಎಂಬಿ ಅಥವಾ ಹೆಚ್ಚು ಜಾಗ ಬೇಕು ಎನ್ನುತ್ತದೆ, ಓಕೆ ಕೊಡಿ. ಮುಂದೆ ಎಕ್ಸ್‌ಪಿ ಸಿಡಿ ಕೇಳಿದರೆ ಅದರ ‘ಐ386’ ಫೋಲ್ಡರ್ ತೋರಿಸಿ, ಕೊನೆಗೆ ರೀಸ್ಟಾರ್ಟ್ ಮಾಡಿ. ಸಿಡಿ ಮೊದಲೇ ಹುಡುಕಿಟ್ಟುಕೊಳ್ಳಿ. ನಾನು ಅರ್ಧಕ್ಕೆ ಬಂದಮೇಲೆ ಕಪಾಟು ತಡಕಾಡಿದವನು.

ವಿಂಡೋಸ್ ವಿಸ್ಟಾ ಮತ್ತು ಅದರ ನಂತರದವುಗಳಲ್ಲಿ ಈ ಫಾಂಟ್‌ಗಳು ಮೊದಲೇ ಇರುತ್ತವೆ. ಲಿನಕ್ಸ್‌ನ ಉಬುಂಟುವಿನಲ್ಲಿ ‘ನೋಟೊ ಸಿಜೆಕೆ’ (ಸಿಜೆಕೆ ಎಂದರೆ ಚೀನಿ, ಜಪಾನಿ, ಕೊರಿಯನ್) ಫಾಂಟ್ ಪ್ಯಾಕೇಜ್ ಹಾಕಿದರೆ ಮುಗಿಯಿತು. ಅಂದಹಾಗೆ, ಆ ಖಾಲಿ ಚೌಕಗಳಿಗೆ ‘ತೋಫು’ ಅನ್ನುತ್ತಾರೆ, ‘ನೋ ತೋಫು’ ಎಂಬುದರಿಂದಲೇ ನೋಟೊ ಹೆಸರು ಬಂದದ್ದು.

ಚೌಕದ ಬದಲು ಗಜಿಬಿಜಿ ಅಕ್ಷರ ಬಂದರೆ ಫಾಂಟ್‌ದು ತಪ್ಪಲ್ಲ, ಅಕ್ಷರಗಳನ್ನು ಸಂಖ್ಯೆಗಳಾಗಿ ಉಳಿಸುವ ಕ್ರಮವಾದ ಎನ್‌ಕೋಡಿಂಗ್‌ದು. ಹಳೆ ಬ್ರೌಸರ್‌ನ ವ್ಯೂ ಮೆನುವಿನಲ್ಲಿ ಜಪಾನಿಗೆ ಶಿಫ್ಟ್-ಜಿಸ್, ಸರಳ ಚೀನಿಗೆ ಜಿಬಿ2312, ಸಾಂಪ್ರದಾಯಿಕ ಚೀನಿಗೆ ಬಿಗ್5, ಕೊರಿಯನ್‌ಗೆ ಇಯುಸಿ-ಕೆಆರ್ ಆರಿಸಿ ನೋಡಿ. ಫೈಲ್ ಪ್ರಶ್ನಾರ್ಥಕ ಚಿಹ್ನೆಗಳಾಗಿಯೇ ಸೇವ್ ಆಗಿಬಿಟ್ಟಿದ್ದರೆ ಮೂಲ ಅಕ್ಷರ ಹೋದಂತೆಯೇ. ಕಳಿಸಿದವರಿಂದ ಮತ್ತೊಮ್ಮೆ ತರಿಸಿಕೊಳ್ಳಿ.