ತಟ್ಟೆ ನಿಮ್ಮದು, ಹೊಟ್ಟೆ ಮಗುವಿನದು

ಪ್ರೀತಿಯ ಗೆಳೆಯಾ,

ನಿನ್ನ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಚಿಕ್ಕವಳಿಗೆ ಮುಂದಿನ ವಾರ ಆರು ತಿಂಗಳು ತುಂಬುತ್ತೆ, ಊಟ ಹೇಗೆ ಶುರು ಮಾಡಲಿ ಅನ್ನೋದು ಒಂದು. ಎರಡೂವರೆ ವರ್ಷದ ದೊಡ್ಡವನು ಊಟ ಅಂದ ಕೂಡಲೇ ಬಾಯಿ ಬಿಗಿಹಿಡಿಯುತ್ತಾನೆ, ಏನು ಮಾಡಲಿ ಅನ್ನೋದು ಇನ್ನೊಂದು. ಎರಡಕ್ಕೂ ಉತ್ತರದ ಬೇರು ಒಂದೇ ಕಣೋ. ತಟ್ಟೆಗೆ ಏನು ಬರಬೇಕು, ಯಾವಾಗ ಬರಬೇಕು ಅನ್ನೋದು ನಿಮ್ಮ ಕೆಲಸ. ಅದರಲ್ಲಿ ಎಷ್ಟು ಒಳಗೆ ಹೋಗಬೇಕು ಅನ್ನೋದು ಮಗುವಿನ ಕೆಲಸ. ಬಹಳ ಮನೆಗಳಲ್ಲಿ ಇದು ತಲೆಕೆಳಗಾಗಿರುತ್ತೆ: ಏನು ತಿನ್ನಬೇಕು ಅಂತ ಮಗು ಹಟ ಹಿಡಿದು ನಿರ್ಧರಿಸುತ್ತೆ, ಎಷ್ಟು ತಿನ್ನಬೇಕು ಅಂತ ದೊಡ್ಡವರು ಹಟ ಹಿಡಿಯುತ್ತಾರೆ.

ಮೊದಲು ಚಿಕ್ಕವಳದ್ದು. ತಿಂಗಳ ಲೆಕ್ಕದ ಜೊತೆಗೆ ಅವಳನ್ನೂ ನೋಡು. ಕತ್ತು ನಿಂತಿರಬೇಕು, ಆಸರೆ ಕೊಟ್ಟರೆ ಕೂರಬೇಕು, ಬಾಯಿಗಿಟ್ಟದ್ದನ್ನು ನಾಲಿಗೆಯಿಂದ ಹೊರಗೆ ತಳ್ಳೋದು ಕಡಿಮೆಯಾಗಿರಬೇಕು. ಹಲ್ಲಿಗಾಗಿ ಕಾಯಬೇಡಿ, ಮೆತ್ತಗಿನದನ್ನು ಅರೆಯೋಕೆ ಒಸಡೇ ಸಾಕು. ಎದೆಹಾಲು ನಿಲ್ಲಿಸೋ ಮಾತೇ ಇಲ್ಲ. ಎರಡು ವರ್ಷದವರೆಗೆ, ಬೇಕಾದರೆ ಆಮೇಲೂ ಮುಂದುವರಿಸಿ ಅಂತಲೇ ವಿಶ್ವ ಆರೋಗ್ಯ ಸಂಸ್ಥೆ ಹೇಳೋದು.

ಹಾಗಾದರೆ ಆರು ತಿಂಗಳಿಗೇ ಯಾಕೆ ಊಟ? ಮುಖ್ಯ ಕಾರಣಗಳಲ್ಲಿ ಒಂದು ಕಬ್ಬಿಣಾಂಶ. ಹುಟ್ಟುವಾಗ ತಾಯಿಯಿಂದ ತಂದ ದಾಸ್ತಾನು ಈ ಹೊತ್ತಿಗೆ ಬರಿದಾಗುತ್ತಾ ಬರುತ್ತೆ, ಎದೆಹಾಲಿನಲ್ಲಿ ಅದು ತೀರಾ ಕಡಿಮೆ. ಅಮೆರಿಕದ ಶಿಫಾರಸಿನ ಪ್ರಕಾರ 7ರಿಂದ 12 ತಿಂಗಳ ಮಗುವಿಗೆ ದಿನಕ್ಕೆ 11 ಮಿಲಿಗ್ರಾಂ ಕಬ್ಬಿಣಾಂಶ ಬೇಕು. ವಯಸ್ಕ ಗಂಡಸಾದ ನಿನಗೆ ಬೇಕಿರೋದು 8. ಏಳೆಂಟು ಕೆಜಿ ತೂಗೋ ಕೂಸಿಗೆ ನಿನಗಿಂತ ಹೆಚ್ಚು! ಅದಕ್ಕೇ ಹಣ್ಣಿನ ತಿರುಳು, ನೀರು ಗಂಜಿ ಇಷ್ಟರಲ್ಲೇ ತಿಂಗಳುಗಟ್ಟಲೆ ಕಳೆಯಬೇಡಿ ಅಂತ ನಾನು ಒತ್ತಿ ಹೇಳೋದು. ಮೊದಲ ವಾರಗಳಲ್ಲೇ ಬೇಳೆ, ಚೆನ್ನಾಗಿ ಬೇಯಿಸಿದ ಮೊಟ್ಟೆ, ತಿನ್ನುವವರಾದರೆ ನುಣ್ಣಗೆ ಅರೆದ ಮಾಂಸ, ಮುಳ್ಳು ತೆಗೆದ ಮೀನು ಬರಲಿ. ಮಾಂಸ ತಿನ್ನದ ಮನೆಯಾದರೆ ಬೇಳೆಕಾಳಿನ ಜೊತೆ ಅದೇ ಊಟದಲ್ಲಿ ಟೊಮೆಟೊ, ಕಿತ್ತಳೆ, ಎರಡು ಹನಿ ನಿಂಬೆರಸ ಹೀಗೆ ವಿಟಮಿನ್ ಸಿ ಇರೋದೇನಾದರೂ ಸೇರಿಸಿ. ಕಾಳಿನಲ್ಲಿರೋ ಕಬ್ಬಿಣಾಂಶವನ್ನು ಕರುಳು ಹೀರಿಕೊಳ್ಳೋಕೆ ಅದು ನೆರವಾಗುತ್ತೆ. ಕಬ್ಬಿಣದ ಹನಿ ಬೇಕೇ ಅಂತ ಮಕ್ಕಳ ವೈದ್ಯರನ್ನು ಒಂದು ಮಾತು ಕೇಳಿ.

ಎರಡನೇ ವಿಷಯ, ಗಟ್ಟಿತನ. ಎಷ್ಟೋ ಜನ ಎಡವೋದು ಇಲ್ಲೇ. ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯೋದು ತೂಕದ ಪ್ರತಿ ಕೆಜಿಗೆ ಸುಮಾರು 30 ಮಿಲಿ, ಅಂದರೆ ಏಳು ಕೆಜಿಯ ಮಗುವಿಗೆ 200 ಮಿಲಿ ಚಿಲ್ಲರೆ. ಅದನ್ನು ನೀರಿನಂಥ ಗಂಜಿಯಿಂದ ತುಂಬಿಸಿದರೆ ಹೊಟ್ಟೆ ತುಂಬುತ್ತೆ, ಮೈ ತುಂಬೋದಿಲ್ಲ. ಚಮಚದಲ್ಲಿ ತೆಗೆದು ಓರೆ ಮಾಡಿ ನೋಡು. ಸುರಿದು ಹೋಗದೆ ಚಮಚದಲ್ಲೇ ನಿಂತರೆ ಹದ ಸರಿ. ಎರಡು ಭಾಗ ಅಕ್ಕಿಗೆ ಒಂದು ಭಾಗ ಬೇಳೆ ಹಾಕಿ, ಬೆರಳಲ್ಲಿ ಒತ್ತಿದರೆ ಪೂರ್ತಿ ಕರಗುವಷ್ಟು ಬೇಯಿಸಿ, ಕುಂಬಳಕಾಯಿ ಇಲ್ಲವೇ ಕ್ಯಾರೆಟ್ ಜೊತೆ ಚಮಚದ ಬೆನ್ನಿಂದ ಮಸೆಯಿರಿ. ತೀರಾ ಗಟ್ಟಿ ಅನ್ನಿಸಿದರೆ ನೀರಿನ ಬದಲು ಎದೆಹಾಲು ಹಾಕಿ ಸಡಿಲಿಸಿ. ಬಟ್ಟಲಿಗೆ ಒಂದು ಟೀ ಚಮಚ ಎಣ್ಣೆಯೋ ಬೆಣ್ಣೆಯೋ ಬೆರೆಸಿ: ಜಿಡ್ಡಿನ ಒಂದು ಗ್ರಾಂನಲ್ಲಿ 9 ಕ್ಯಾಲೊರಿ, ಪಿಷ್ಟದಲ್ಲಿ 4. ಸಣ್ಣ ಹೊಟ್ಟೆಗೆ ಆ ವ್ಯತ್ಯಾಸ ದೊಡ್ಡದು. ಉಪ್ಪು, ಸಕ್ಕರೆ ಬೇಡ.

ಮೊದಲ ದಿನ ಒಂದೆರಡು ಚಮಚ ಹೋದರೂ ಸಂತೋಷಪಡು. ಎಂಟು ತಿಂಗಳವರೆಗೆ ದಿನಕ್ಕೆ ಎರಡು ಮೂರು ಊಟ. ಒಂದೊಂದಕ್ಕೆ ಎರಡು ಮೂರು ದೊಡ್ಡ ಚಮಚದಿಂದ ಶುರುವಾಗಿ ನಿಧಾನವಾಗಿ 250 ಮಿಲಿ ಬಟ್ಟಲಿನ ಅರ್ಧಕ್ಕೆ ಬರಲಿ. ಒಂಬತ್ತರಿಂದ ಮೂರು ನಾಲ್ಕು ಊಟ, ನಡುವೆ ಬೇಕಾದರೆ ಒಂದೆರಡು ತಿಂಡಿ. ವರ್ಷ ತುಂಬಿದ ಮೇಲೆ ಮುಕ್ಕಾಲರಿಂದ ಒಂದು ಬಟ್ಟಲು. ಇವು ದಾರಿ ತೋರಿಸೋ ಅಳತೆಗಳು ಮಾತ್ರ. ಮುಟ್ಟಲೇಬೇಕು ಅಂತ ಹಟಕ್ಕೆ ಬೀಳಬೇಡಿ. ಚಮಚ ಕೆಳತುಟಿಗೆ ತಾಗಿಸಿ, ಬಾಯಿ ತೆರೆಯೋವರೆಗೆ ಕಾಯಿರಿ. ಮುಖ ತಿರುಗಿಸಿದರೆ ಆ ಊಟ ಮುಗೀತು ಅಂತಲೇ ಅರ್ಥ. ಉಣಿಸೋ ಬಟ್ಟಲು ಬೇರೆ, ಮಾಡಿಟ್ಟ ಪಾತ್ರೆ ಬೇರೆ ಇರಲಿ. ಎಂಜಲು ಚಮಚ ತಾಗಿದ ಗಂಜಿ ಸ್ವಲ್ಪ ಹೊತ್ತಿಗೆ ನೀರಾಗೋದು ಕಂಡರೆ ಗಾಬರಿಯಾಗಬೇಡ, ಜೊಲ್ಲಿನ ಕಿಣ್ವ ಪಿಷ್ಟವನ್ನು ಒಡೆಯುತ್ತೆ. ಆದರೆ ಅದನ್ನು ಎತ್ತಿಟ್ಟು ಮತ್ತೆ ಕೊಡಬಾರದು.

ಮಿಕ್ಸಿಯಲ್ಲಿ ತಿರುವಿ ನುಣ್ಣಗೆ ಮಾಡಿಕೊಡೋದನ್ನು ಆದಷ್ಟು ಬೇಗ ಬಿಡಿ. ಎಂಟು ತಿಂಗಳಿಗೆ ಮೆತ್ತನೆ ತರಿತರಿಯಾದದ್ದು, ಕೈಯಲ್ಲಿ ಹಿಡಿಯೋಕೆ ಬೆರಳುದ್ದದ ಬೇಯಿಸಿದ ಆಲೂಗಡ್ಡೆ, ಹಣ್ಣಾದ ಬಾಳೆ ಸಿಗಬೇಕು. ಹತ್ತು ತಿಂಗಳು ದಾಟಿದ ಮೇಲೂ ಬರೀ ನುಣ್ಣಗಿನದನ್ನೇ ಕೊಡುತ್ತಾ ಬಂದರೆ ಮುಂದೆ ಅಗಿಯೋದಕ್ಕೆ ತಕರಾರು ಮಾಡೋ ಸಂಭವ ಹೆಚ್ಚು. ತರಿ ಸಿಕ್ಕಾಗ ಅವಳು ಓಕರಿಸಬಹುದು, ಕೆಮ್ಮಬಹುದು, ಮುಖ ಕೆಂಪಾಗಬಹುದು. ಅದು ನಾಲಿಗೆ ಕಲಿಯುತ್ತಿರೋ ಸದ್ದು. ಹೆದರಬೇಕಾದ್ದು ಸದ್ದಿಲ್ಲದ್ದಕ್ಕೆ: ಉಸಿರುಗಟ್ಟಿದ ಮಗು ಅಳಲಾರದು, ಕೆಮ್ಮಲಾರದು. ಆಗ ವರ್ಷದೊಳಗಿನ ಮಗುವನ್ನು ತಲೆ ಕೆಳಗಿರುವಂತೆ ಮುಂಗೈ ಮೇಲೆ ಬೋರಲು ಮಲಗಿಸಿ, ಎರಡು ಹೆಗಲೆಲುಬುಗಳ ನಡುವೆ ಅಂಗೈ ಬುಡದಿಂದ ಐದು ಪೆಟ್ಟು ಕೊಡಬೇಕು. ಹೊರಗೆ ಬರದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ ಐದು ಒತ್ತು. ಮತ್ತೆ ಪೆಟ್ಟು, ಮತ್ತೆ ಒತ್ತು. ಒಬ್ಬರು ಇದನ್ನು ಮಾಡುವಾಗ ಇನ್ನೊಬ್ಬರು ಆಂಬುಲೆನ್ಸ್ ಕರೆಯಲಿ. ಕಣ್ಣಿಗೆ ಕಾಣದ್ದನ್ನು ತೆಗೆಯೋಕೆ ಬೆರಳು ಹಾಕಬೇಡ, ಇನ್ನೂ ಒಳಗೆ ಹೋಗುತ್ತೆ. ಓದಿದ್ದು ಸಾಲದು, ನೀವಿಬ್ಬರೂ ಪ್ರಥಮ ಚಿಕಿತ್ಸೆ ಬಲ್ಲವರ ಹತ್ತಿರ ಒಮ್ಮೆ ಕೈಯಾರೆ ಕಲಿಯಿರಿ. ಇಡೀ ದ್ರಾಕ್ಷಿ, ಇಡೀ ಕಡಲೆಕಾಯಿ ಬೀಜ, ಹಸಿ ಕ್ಯಾರೆಟ್ ತುಂಡು, ಪಾಪ್‌ಕಾರ್ನ್ ಇಬ್ಬರಿಗೂ ಬೇಡ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳಾಗಿಸಿ ಕೊಡಬಹುದು.

ಕಡಲೆಕಾಯಿ, ಮೊಟ್ಟೆ ಅಲರ್ಜಿ ತರುತ್ತವೆ, ವರ್ಷ ಆಗಲಿ ಅಂತ ಯಾರಾದರೂ ಹೇಳಿದರೆ ಅದು ಹಳೆಯ ಮಾತು. ಅಲರ್ಜಿಯ ಅಪಾಯ ಹೆಚ್ಚಿದ್ದ 640 ಶಿಶುಗಳ ಮೇಲೆ ಬ್ರಿಟನ್ನಿನಲ್ಲಿ ನಡೆದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಮೊದಲ ವರ್ಷದೊಳಗೇ ಕಡಲೆಕಾಯಿ ತಿನ್ನಲು ಶುರುಮಾಡಿ ಬಿಡದೆ ತಿಂದ ಮಕ್ಕಳಲ್ಲಿ ಐದನೇ ವರ್ಷದ ಹೊತ್ತಿಗೆ ಆ ಅಲರ್ಜಿ ಸುಮಾರು ಶೇ. 80ರಷ್ಟು ಕಡಿಮೆ ಇತ್ತು. ನುಣ್ಣಗೆ ಅರೆದದ್ದನ್ನು ಕಾಲು ಟೀ ಚಮಚ ಗಂಜಿಗೆ ಕಲಸಿ, ಬೆಳಗಿನ ಹೊತ್ತು, ಬೇರೆ ಹೊಸದೇನೂ ಇಲ್ಲದ ದಿನ ಕೊಟ್ಟು ಎರಡು ಗಂಟೆ ಗಮನಿಸಿ. ದದ್ದು, ತುಟಿ ಊತ, ವಾಂತಿ ಕಂಡರೆ ನಿಲ್ಲಿಸಿ ವೈದ್ಯರಿಗೆ ತಿಳಿಸಿ. ಉಸಿರಾಟಕ್ಕೆ ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಓಡಿ. ಅವಳಿಗೆ ತೀವ್ರ ಇಸುಬು ಇಲ್ಲವೇ ಮೊಟ್ಟೆಯ ಅಲರ್ಜಿ ಇದ್ದರೆ ಕೊಡೋ ಮೊದಲೇ ವೈದ್ಯರನ್ನು ಕೇಳಬೇಕು. ಜೇನುತುಪ್ಪ ಮಾತ್ರ ವರ್ಷ ತುಂಬೋವರೆಗೆ ಒಂದು ಹನಿಯೂ ಬೇಡ. ಅದರಲ್ಲಿರಬಹುದಾದ ಬಾಟ್ಯುಲಿಸಂ ಬ್ಯಾಕ್ಟೀರಿಯಾದ ಬೀಜಕಣಗಳು ಎಳೆ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡುತ್ತವೆ.

ಇನ್ನು ದೊಡ್ಡವನು. ಮೊದಲು ಒಂದು ಲೆಕ್ಕ ನೋಡು. ಮೂರು ಕೆಜಿ ಹುಟ್ಟಿದ ಮಗು ಒಂದು ವರ್ಷಕ್ಕೆ ಒಂಬತ್ತು ಕೆಜಿ ಆಗುತ್ತೆ. ಎರಡನೇ ವರ್ಷವಿಡೀ ಸೇರಿಸಿಕೊಳ್ಳೋದು ಎರಡು, ಎರಡೂವರೆ ಕೆಜಿ ಅಷ್ಟೇ, ಆಮೇಲೆ ಇನ್ನೂ ನಿಧಾನ. ಬೆಳವಣಿಗೆಯ ಓಟ ತಗ್ಗಿದಾಗ ಹಸಿವೂ ತಗ್ಗುತ್ತೆ. ಸರಿಯಾಗಿ ಅದೇ ವಯಸ್ಸಿಗೆ ಗೊತ್ತಿಲ್ಲದ ತಿನಿಸಿನ ಮೇಲೆ ಅನುಮಾನವೂ ಹುಟ್ಟುತ್ತೆ. ಇವೆರಡೂ ರೋಗವಲ್ಲ. ಇವನ್ನು ರೋಗವೆಂದುಕೊಂಡು ಬೆನ್ನಟ್ಟಿ ತುರುಕಿದಾಗಲೇ ಊಟ ಅಂದರೆ ಜಗಳ ಅಂತ ಅವನು ಕಲಿಯೋದು.

ನೀನು ಬರೆದದ್ದರಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಹಾಲಿನ ಲೆಕ್ಕ. ದಿನಕ್ಕೆ ಮುಕ್ಕಾಲು ಲೀಟರ್ ಕುಡಿದ ಮಗುವಿಗೆ ಹಸಿವು ಎಲ್ಲಿಂದ ಬರಬೇಕು? ಹಾಲಿನಲ್ಲಿ ಕಬ್ಬಿಣಾಂಶ ಇಲ್ಲವೆನ್ನುವಷ್ಟು ಕಡಿಮೆ, ಊಟದ ಜಾಗವನ್ನೂ ಅದೇ ನುಂಗುತ್ತೆ. ಹೀಗೆ ರಕ್ತಹೀನತೆಗೆ ಜಾರಿದ ಮಗುವಿಗೆ ಹಸಿವು ಇನ್ನೂ ಕಡಿಮೆಯಾಗುತ್ತೆ, ಮನೆಯವರು ‘ಹಾಲಾದರೂ ಕುಡಿಯಲಿ’ ಅಂತ ಇನ್ನಷ್ಟು ಕೊಡುತ್ತಾರೆ. ಒಂದು ವಾರದಲ್ಲಿ ನಿಧಾನವಾಗಿ 350-400 ಮಿಲಿಗೆ ಇಳಿಸಿ, ಬಾಟಲಿ ಬಿಟ್ಟು ಲೋಟದಲ್ಲಿ, ಊಟವಾದ ಮೇಲೆ ಕೊಡಿ. ಜ್ಯೂಸ್ ನಿಲ್ಲಿಸಿಬಿಡಿ, ಹಣ್ಣೇ ಇರಲಿ. ಒಂದು ಊಟಕ್ಕೂ ಮುಂದಿನದಕ್ಕೂ ಎರಡೂವರೆ ಮೂರು ಗಂಟೆ ಅಂತರ, ನಡುವೆ ನೀರು ಮಾತ್ರ. ಒಂದು ಬಿಸ್ಕತ್ತೂ ಆ ಹಸಿವನ್ನು ಕೊಲ್ಲುತ್ತೆ.

ತಟ್ಟೆಗೆ ಬಡಿಸೋದು ಸ್ವಲ್ಪವೇ ಇರಲಿ. ವಯಸ್ಸಿನ ಒಂದೊಂದು ವರ್ಷಕ್ಕೆ ಒಂದು ದೊಡ್ಡ ಚಮಚದಂತೆ ಅಂದಾಜಿಡಿ. ಅವನಿಗೆ ಅನ್ನ ಎರಡೂವರೆ ಚಮಚ, ಬೇಳೆ ಎರಡೂವರೆ, ತರಕಾರಿ ಅಷ್ಟೇ. ಬೇಕಾದರೆ ಮತ್ತೆ ಕೇಳಲಿ. ಅವನು ಖಂಡಿತ ತಿನ್ನೋ ಒಂದು ಪದಾರ್ಥ ಪ್ರತಿ ಊಟದಲ್ಲೂ ಇರಲಿ, ಅದರ ಪಕ್ಕದಲ್ಲಿ ಹೊಸದು ಬಟಾಣಿ ಗಾತ್ರದಷ್ಟು. ಹತ್ತು ಹದಿನೈದು ಸಲ ಕಂಡ ಮೇಲೆ ಒಲಿಯೋದು ಸಾಮಾನ್ಯ. ಬಹುಪಾಲು ಜನ ಮೂರ್ನಾಲ್ಕು ಸಲಕ್ಕೇ ‘ಇವನಿಗೆ ಇದು ಆಗಲ್ಲ’ ಅಂತ ಕೈಬಿಡುತ್ತಾರೆ. ಮುಟ್ಟೋದು, ಮೂಸೋದು, ನೆಕ್ಕಿ ಉಗುಳೋದು, ಎಲ್ಲವೂ ಲೆಕ್ಕಕ್ಕೆ ಬರುತ್ತೆ. ‘ಪಲ್ಯ ತಿಂದರೆ ಸಿಹಿ ಕೊಡ್ತೀನಿ’ ಅನ್ನಬೇಡ, ಪಲ್ಯ ಶಿಕ್ಷೆ, ಸಿಹಿ ಬಹುಮಾನ ಅಂತ ಆ ಮಾತೇ ಅವನಿಗೆ ಹೇಳಿಕೊಡುತ್ತೆ. ಮೊಬೈಲು ತೋರಿಸಿ ಉಣಿಸಿದರೆ ಬಾಯಿ ತೆರೆಯುತ್ತೆ ನಿಜ, ಆದರೆ ಹೊಟ್ಟೆ ತುಂಬಿದ್ದು ಅವನಿಗೇ ತಿಳಿಯೋದಿಲ್ಲ. ಪಾದಕ್ಕೆ ಆಸರೆ ಸಿಗುವಂತೆ ಕೂರಿಸಿ, ನೀವೂ ಜೊತೆಗೆ ಕೂತು ಅದನ್ನೇ ಉಣ್ಣಿ. ಇಪ್ಪತ್ತೈದು ನಿಮಿಷಕ್ಕೆ ಬೈಗುಳವಿಲ್ಲದೆ ತಟ್ಟೆ ಎತ್ತಿಬಿಡಿ. ಮೊದಲ ಮೂರು ನಾಲ್ಕು ದಿನ ಅವನು ಕಡಿಮೆ ತಿಂದು ನಿಮ್ಮ ಕರುಳು ಹಿಂಡುತ್ತಾನೆ. ಆಗಲೇ ಗಟ್ಟಿಯಾಗಿರಬೇಕು.

ಆದರೆ ತೂಕ ಇಳಿಯುತ್ತಿದ್ದರೆ, ಮೈ ಬಿಳಿಚಿದ್ದರೆ, ಮಣ್ಣು ಸುಣ್ಣ ತಿನ್ನುತ್ತಿದ್ದರೆ, ನುಂಗುವಾಗ ಪ್ರತಿಸಲ ಕೆಮ್ಮಿದರೆ, ತಿನ್ನುತ್ತಿದ್ದ ಪದಾರ್ಥಗಳು ಒಂದೊಂದಾಗಿ ಪಟ್ಟಿಯಿಂದ ಉದುರುತ್ತಾ ಹೋದರೆ ನನ್ನ ಪತ್ರ ಮಡಿಸಿಟ್ಟು ವೈದ್ಯರ ಹತ್ತಿರ ಹೋಗು.

ಈಗ ಒಂದು ಕೆಲಸ ಮಾಡು. ನಾಳೆಯಿಂದ ಮೂರು ದಿನ, ಅವನ ಬಾಯಿಗೆ ಹೋದದ್ದನ್ನೆಲ್ಲ ಗಂಟೆ ಸಮೇತ ಬರೆದಿಡು. ಹಾಲು ಎಷ್ಟು ಮಿಲಿ, ನಡುವೆ ಕೊಟ್ಟ ಬಿಸ್ಕತ್ತು, ಅಜ್ಜಿ ಬಾಯಿಗಿಟ್ಟ ತುತ್ತು, ಯಾವುದನ್ನೂ ಬಿಡಬೇಡ. ಅವನ ತೂಕದ ಚಾರ್ಟಿನ ಫೋಟೋ ಜೊತೆಗೆ ಕಳಿಸು, ಕೂತು ನೋಡೋಣ.

ನಿನ್ನ ಗೆಳೆಯ